ಮುದ್ದೆಮಾಲು ನಂಬರ್ 5

ನನ್ನ ಕಕ್ಷಿದಾರರು ಒಬ್ಬರೇ, ಕರ್ನಾಟಕ ರಾಜ್ಯ. ಆರು ಕೋಟಿಗೂ ಮಿಕ್ಕಿದ ಜನ ಸೇರಿ ಆಗಿರುವ ಈ ಮಹಾಶಯರು ಇಷ್ಟು ವರ್ಷಗಳಲ್ಲಿ ಒಂದು ದಿನವೂ ನನ್ನ ಕಚೇರಿಯ ಮೆಟ್ಟಿಲು ಹತ್ತಿಲ್ಲ. ಕೇಸು ಗೆದ್ದಾಗ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟಿಲ್ಲ. ಸೋತಾಗ ಮಾತ್ರ ಯಾಕೆ ಸೋತಿರಿ ಎಂದು ಮೇಲಿನವರ ಮೂಲಕ ಕಾಗದ ಬರುತ್ತದೆ. ಮದುವೆಮನೆಯಲ್ಲಿ ಪಕ್ಕದ ಎಲೆಯವರು "ತಾವು ಏನು ಮಾಡ್ಕೊಂಡಿದೀರಿ?" ಎಂದು ಕೇಳಿದಾಗ "ಸಹಾಯಕ ಸರ್ಕಾರಿ ಅಭಿಯೋಜಕ" ಎಂದರೆ ಅವರು ಹಪ್ಪಳ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. "ಎಪಿಪಿ" ಎಂದರೆ ಮೊಬೈಲಿಗೆ ಹಾಕಿಕೊಳ್ಳುವಂಥದ್ದೇನೋ ಇರಬೇಕು ಅಂದುಕೊಳ್ಳುತ್ತಾರೆ. ಕೊನೆಗೆ "ಪೊಲೀಸರ ಕಡೆ ವಕೀಲ" ಎಂದರೆ ಥಟ್ಟನೆ ಅರ್ಥವಾಗುತ್ತದೆ. ಆಮೇಲೆ ಅವರು ನನ್ನ ಜೊತೆ ಮಾತಾಡುವುದಿಲ್ಲ.

ಮ್ಯಾಜಿಸ್ಟ್ರೇಟ್ ಕೋರ್ಟಿನ ಅಭಿಯೋಜಕನನ್ನು ಯಾವ ಸಿನಿಮಾದವರೂ ಕಣ್ಣೆತ್ತಿ ನೋಡಿಲ್ಲ. ಕೊಲೆ, ದರೋಡೆಗಳೆಲ್ಲ ಸೆಷನ್ಸ್ ಕೋರ್ಟಿಗೆ, ಅಲ್ಲಿನ ಪಬ್ಲಿಕ್ ಪ್ರಾಸಿಕ್ಯೂಟರರ ಪಾಲಿಗೆ ಹೋಗುತ್ತವೆ. ನಮ್ಮ ಪಾಲಿಗೆ ಬದುವಿನ ಜಗಳ, ಬೈಕಿನ ಡಿಕ್ಕಿ, ಇಸ್ಪೀಟು, ಮೊಬೈಲ್ ಕಳವು. ಹೊಡೆದಾಟದ ಯಾವ ದೂರು ತೆರೆದರೂ "ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿ" ಎಂಬ ಸಾಲು ಇದ್ದೇ ಇರುತ್ತದೆ. ಆ ಅವಾಚ್ಯ ಶಬ್ದ ಯಾವುದೆಂದು ಸಾಕ್ಷಿ ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳದಿದ್ದರೆ ಆ ಆರೋಪ ನಿಲ್ಲುವುದಿಲ್ಲ. ಒಮ್ಮೆ ಒಬ್ಬ ಅಜ್ಜಿಯನ್ನು "ಏನೆಂದು ಬೈದರು ಹೇಳಿ" ಎಂದು ಕೇಳಿಕೇಳಿ ಸೋತೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, "ನೀವೇ ಹೇಳ್ರಪ್ಪ, ದಿನಾ ಇದೇ ಕೆಲಸದಾಗ ಇದೀರಿ, ನಿಮಗೆ ಬರ್ತಾವಲ್ಲ" ಅಂದಳು. ನ್ಯಾಯಾಧೀಶರು ಕಡತದಲ್ಲಿ ಮುಖ ಮುಚ್ಚಿಕೊಂಡರು.

ಇನ್ನು ಪಂಚರು. ಪೊಲೀಸರು ಮಹಜರು ಮಾಡುವಾಗ ಹಾಜರಿದ್ದು ಸಹಿ ಹಾಕಿದ ಈ ಸಜ್ಜನರು ಕೋರ್ಟಿಗೆ ಬರುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. "ಠಾಣೆ ಮುಂದೆ ಹೋಗ್ತಿದ್ದೆ, ಕರೆದರು, ಸಹಿ ಹಾಕು ಅಂದರು, ಹಾಕಿದೆ. ಒಳಗೆ ಏನು ಬರೆದಿದ್ರೋ ನನಗೆ ಗೊತ್ತಿಲ್ಲ." ಆಗ ನಾನು ಎದ್ದುನಿಂತು, ಈ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟೀಸವಾಲಿಗೆ ಅನುಮತಿ ಕೊಡಬೇಕು ಎಂದು ಕೋರುತ್ತೇನೆ. ಅನುಮತಿ ಸಿಗುತ್ತದೆ. ನೀವು ಆರೋಪಿ ಜೊತೆ ಶಾಮೀಲಾಗಿ ಸುಳ್ಳು ಹೇಳುತ್ತಿದ್ದೀರಿ ಎನ್ನುತ್ತೇನೆ. ಆತ "ಸರಿಯಲ್ಲ" ಎನ್ನುತ್ತಾನೆ. ಇಬ್ಬರೂ ಕರ್ತವ್ಯ ಮುಗಿಸಿ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತೇವೆ.

ಸಾಕ್ಷಿಗಳಿಗೆ ಪಡಸಾಲೆಯಲ್ಲಿ ನಾನು ಕೊಡುವ ಉಪದೇಶ ನಮ್ಮ ಕೋರ್ಟಿನ ಅಟೆಂಡರಿಗೂ ಬಾಯಿಪಾಠವಾಗಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಎದುರು ವಕೀಲರು ಏನೇ ಅಂದರೂ ಕೋಪ ಮಾಡಿಕೊಳ್ಳಬೇಡಿ. ಜಾಣತನ ತೋರಿಸಬೇಡಿ. ಈ ಉಪದೇಶಕ್ಕೆ ಮುಂದೆ ಏನು ಗತಿ ಬಂತು ಎಂಬುದೇ ಇಲ್ಲಿರುವ ಕಥೆ.

ಕಥೆಗೆ ಮೊದಲು ಮನೆಯ ವಿಚಾರವನ್ನೂ ದಾಖಲಿಸಿಬಿಡುತ್ತೇನೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆಕೆಗೆ ಸಾಕ್ಷ್ಯ ಬೇಡ, ದತ್ತಾಂಶ ಸಾಕು. ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ರೀತಿಯಲ್ಲೇ ದಾರಿಯಲ್ಲಿ ಬೋಂಡಾ ತಿಂದಿದ್ದೇನೆಂದು ಸಾಧಿಸಿ ತೋರಿಸುತ್ತಾಳೆ. ಮಗಳಿಗೆ ಏನಾದರೂ ಕೇಳಿದರೆ "ಅಪ್ಪಾ, ಇದು ಲೀಡಿಂಗ್ ಪ್ರಶ್ನೆ" ಅನ್ನುತ್ತಾಳೆ. ಮಗ ಇನ್ನೂ ಮುಂದೆ ಹೋಗಿದ್ದಾನೆ. ಫ್ರಿಜ್ಜಿನಲ್ಲಿದ್ದ ಐಸ್‌ಕ್ರೀಮ್ ಏನಾಯಿತು ಎಂದದ್ದಕ್ಕೆ ಸಂವಿಧಾನದ 20 (3)ನೇ ವಿಧಿಯ ಪ್ರಕಾರ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರೂ ತನ್ನನ್ನು ಒತ್ತಾಯಿಸುವಂತಿಲ್ಲ ಎಂದ. ಹೇಳಿಕೊಟ್ಟವನು ನಾನೇ. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಈವರೆಗೆ ಯಾರ ಮೇಲೂ ಯಾವ ಆರೋಪವೂ ರುಜುವಾತಾಗಿಲ್ಲ, ನನ್ನ ಮೇಲಿನವುಗಳನ್ನು ಬಿಟ್ಟು.

ಹಂಪಿಗೆ ಹೋಗೋಣ ಎಂಬ ತೀರ್ಮಾನವೂ ಹೀಗೆಯೇ ನನ್ನ ಗೈರುಹಾಜರಿಯಲ್ಲಿ ಆಯಿತು. ಹೊಸ ಕಾನೂನುಗಳು ಬರುವುದಕ್ಕೆ ಮುಂಚಿನ ಮಾತು. ಬೆಂಗಳೂರಿನಿಂದ ರಾತ್ರಿ ರೈಲು, ಬೆಳಗ್ಗೆ ಹೊಸಪೇಟೆ. ನನ್ನ ಬ್ಯಾಗಿನಲ್ಲಿ ಬಟ್ಟೆಬರೆಯ ಜೊತೆ ಕಪ್ಪು ಕೋಟು ಮತ್ತು ಬಿಳಿ ಬ್ಯಾಂಡು ಇದ್ದವು. ಸೋಮವಾರ ಬೆಳಗ್ಗೆ ರೈಲು ತಡವಾದರೆ ಸ್ಟೇಷನ್ನಿನಿಂದ ನೇರ ಕೋರ್ಟಿಗೆ ಹೋಗಬಹುದಲ್ಲ ಎಂಬ ಮುಂದಾಲೋಚನೆ. ಮಂಡಿನೋವಿನ ಎಣ್ಣೆ ಇತ್ತು. ಇನ್ನೊಂದು ವಸ್ತುವೂ ಇತ್ತು, ಅದರ ಹೆಸರನ್ನು ಈಗಲೇ ಹೇಳುವುದಿಲ್ಲ. ಎಲ್ಲಕ್ಕಿಂತ ಮೇಲೆ, ಹೊಸಪೇಟೆಯಲ್ಲಿರುವ ತಂಗಿಗೆ ತಲುಪಿಸಿ ಎಂದು ಅತ್ತೆ ಕೊಟ್ಟಿದ್ದ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ.

ಅತ್ತೆ ಸಾಗರದ ಕಡೆಯವರು. ಅಲ್ಲಿ ಮಾವಿನ ಮಿಡಿ ಎಂದರೆ ಬರೀ ಕಾಯಲ್ಲ, ಕುಲಗೋತ್ರವಿರುವ ವ್ಯಕ್ತಿ. ಹೊಳೆದಂಡೆಯ ಯಾವ ಮರದ್ದು, ಸೊನೆಯಲ್ಲಿ ಜೀರಿಗೆ ಪರಿಮಳವೋ ಕರ್ಪೂರದ್ದೋ ಎಂಬುದನ್ನು ತೊಟ್ಟು ಮುರಿದು ಮೂಸಿ ನಿರ್ಧರಿಸುತ್ತಾರೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಎಂದು ನಾನು ಪೇಪರಿನಲ್ಲಿ ಓದಿ ಹೇಳಿದಾಗ ಅತ್ತೆ, "ಸರ್ಕಾರಕ್ಕೆ ಈಗ ಗೊತ್ತಾಯ್ತಾ" ಅಂದಿದ್ದರು. ಉಪ್ಪಿನಲ್ಲಿ ಹದವಾಗಿ ನೆನೆಸಿ ಹಾಕಿದ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದು ಈ ಪ್ರಕರಣದಲ್ಲಿ ಮಹತ್ವದ ಸಂಗತಿ, ಓದುಗರು ನೆನಪಿಟ್ಟುಕೊಳ್ಳಬೇಕು. ಬಾಟಲಿ ಹಾರ್ಲಿಕ್ಸಿನದು. ಬಾಯಿಗೆ ಬಿಳಿ ಬಟ್ಟೆ, ಅದಕ್ಕೆ ದಾರ.

ರೈಲು ಯಲಹಂಕ ದಾಟುವಷ್ಟರಲ್ಲಿ ನನಗೆ ನಿದ್ರೆ. ಎಚ್ಚರವಾದದ್ದು ಬಳ್ಳಾರಿಯಲ್ಲಿ, ಹೆಂಡತಿ ತೋಳು ಹಿಡಿದು ಅಲುಗಿಸಿದಾಗ. ಸೀಟಿನ ಕೆಳಗೆ ಬ್ಯಾಗು ಇರಲಿಲ್ಲ. ಹಿಂದೂಪುರದಲ್ಲಿ ಮಗಳಿಗೆ ಹೊದಿಕೆ ತೆಗೆಯುವಾಗ ಇತ್ತಂತೆ. ಅಂದರೆ ಕಳ್ಳತನ ನಡೆದದ್ದು ಹಿಂದೂಪುರಕ್ಕೂ ಬಳ್ಳಾರಿಗೂ ನಡುವೆ. ಈ ನಡುವೆ ರೈಲು ಧರ್ಮಾವರ, ಅನಂತಪುರ, ಗುಂತಕಲ್ಲು ಎಂದು ಆಂಧ್ರದಲ್ಲೇ ರಾತ್ರಿ ಕಳೆದು ಮತ್ತೆ ಕರ್ನಾಟಕಕ್ಕೆ ಬರುತ್ತದೆ.

ಉಳಿದವರು ಗಾಬರಿಯಾಗಿದ್ದರೆ ನನಗೆ ಒಳಗೊಳಗೇ ಹುರುಪು. ಇಂಥ ಪ್ರಶ್ನೆಯನ್ನು ಪರೀಕ್ಷೆಗೆ ಓದುವಾಗ ಮಾತ್ರ ನೋಡಿದ್ದೆ. ಪ್ರಯಾಣದ ನಡುವೆ ನಡೆದ ಅಪರಾಧವನ್ನು, ಆ ಪ್ರಯಾಣದಲ್ಲಿ ವ್ಯಕ್ತಿಯೋ ವಸ್ತುವೋ ಹಾದುಹೋದ ಯಾವ ವ್ಯಾಪ್ತಿಯ ನ್ಯಾಯಾಲಯ ಬೇಕಾದರೂ ವಿಚಾರಣೆ ಮಾಡಬಹುದು, ದಂಡ ಪ್ರಕ್ರಿಯಾ ಸಂಹಿತೆ 183ನೇ ಕಲಂ! ರೈಲ್ವೆ ಪೊಲೀಸರು ಗುಂತಕಲ್ಲಿಗೆ ಹೋಗಿ ಅಂದೇ ಅನ್ನುತ್ತಾರೆ, ಆಗ ತೋರಿಸುತ್ತೇನೆ ಎಂದು ಹೊಸಪೇಟೆಯವರೆಗೂ ಮನಸ್ಸಿನಲ್ಲೇ ವಾದ ಕಟ್ಟಿಕೊಂಡೆ. ಇಳಿದು ಹೋಗಿ ಮೇಜಿನ ಮುಂದೆ ನಿಂತು ಶುರುಮಾಡಿದೆ. ನಿವೃತ್ತಿಗೆ ಹತ್ತಿರವಿದ್ದ ಹೆಡ್ ಕಾನ್‌ಸ್ಟೆಬಲ್ಲರು ತಲೆ ತಗ್ಗಿಸಿ ಬರೆಯುತ್ತಲೇ ಕೇಳಿಸಿಕೊಂಡರು. ನಾನು 183 ಮುಗಿಸಿ ಝೀರೊ ಎಫ್‌ಐಆರ್‌ಗೆ ಬರುವ ಹೊತ್ತಿಗೆ ಅವರು ತಲೆಯೆತ್ತಿ, "ಸಾರ್, ನಿಮ್ಮ ಫಿರ್ಯಾದೇ ಬರೀತಿದ್ದೀನಿ. ಬ್ಯಾಗಿನ ಬಣ್ಣ ಹೇಳಿ" ಅಂದರು.

"ನೀಲಿ" ಎಂದೆ.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಫಿರ್ಯಾದಿ ನಾನು, ನೀನು ಸುಮ್ಮನಿರು ಎಂದೆ. ಈ ವಾಕ್ಯಕ್ಕೆ ಕೆಲವು ವರ್ಷಗಳ ನಂತರ ಬೆಲೆ ತೆತ್ತಿದ್ದೇನೆ.

ಹಂಪಿಯನ್ನು ನಾನು ನೋಡಿದ್ದು ಹೊಸಪೇಟೆಯಲ್ಲಿ ಕೊಂಡ ಲುಂಗಿ ಮತ್ತು ಎದೆಯ ಮೇಲೆ ಕಲ್ಲಿನ ರಥದ ಚಿತ್ರವಿದ್ದ ಟೀ ಶರ್ಟಿನಲ್ಲಿ. ಗೈಡು ನನ್ನನ್ನು ಬಿಟ್ಟು ನನ್ನ ಹೆಂಡತಿಗೆ ವಿವರಿಸತೊಡಗಿದ. ವಿರೂಪಾಕ್ಷ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಿದ್ದು ರಾಜಗೋಪುರದ ನೆರಳು ತಲೆಕೆಳಗಾಗಿ ಮೂಡುವುದನ್ನು ತೋರಿಸಿದ. ನೋಡಬೇಕಾದ್ದೇ. ಅನಂತರ ಬಜಾರಿನ ಕಲ್ಲುಮಂಟಪಗಳ ಸಾಲಿನ ಮುಂದೆ ನಿಂತು, "ಇಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರ್ತಿದ್ರು" ಎಂದ.

"ನೀವು ನೋಡಿದ್ದೀರಾ?" ಅಂದೆ.

ನಾಲಿಗೆ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತ್ತು. ಗೈಡು ಕಕ್ಕಾಬಿಕ್ಕಿಯಾದ. ಹಾಗಾದರೆ ಇದು ಕೇಳಿಕೆ ಮಾತು, ಸಾಕ್ಷ್ಯವಾಗಿ ಒಪ್ಪುವಂತಿಲ್ಲ ಎಂದೆ. ಆತ ಬಿಡಲಿಲ್ಲ, ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬಂದು ಇಲ್ಲಿ ರತ್ನ ಮಾರುವುದನ್ನು ಕಂಡು ಬರೆದಿದ್ದಾನೆ ಎಂದ. ಪೇಸ್ ಈಗ ಸಾಕ್ಷಿ ಹೇಳಲು ಲಭ್ಯವಿಲ್ಲವಾದ್ದರಿಂದ ಸಾಕ್ಷ್ಯ ಅಧಿನಿಯಮದ 32ನೇ ಕಲಂ ನೋಡಬೇಕಾಗುತ್ತದೆ, ಬರಹ 30 ವರ್ಷಕ್ಕೂ ಹಳೆಯದಾದ್ದರಿಂದ 90ನೇ ಕಲಂ ಕೂಡ ಅನ್ವಯಿಸಬಹುದು, ಆದರೆ ಸೇರಿನ ಅಳತೆಯ ಬಗ್ಗೆ ಪೇಸ್ ಏನಾದರೂ ಹೇಳಿದ್ದಾನೆಯೇ ಎಂದು ನಾನು ಯೋಚಿಸುವಷ್ಟರಲ್ಲಿ ಮನೆಯವರೂ ಗೈಡೂ ಮುಂದಿನ ಮಂಟಪ ಸೇರಿದ್ದರು. ವಿಜಯ ವಿಠ್ಠಲ ಗುಡಿಯಲ್ಲಿ ಐವತ್ತರ ನೋಟು ಹಿಡಿದು, ಅದರ ಮೇಲಿನ ರಥವೂ ಎದುರಿನ ರಥವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆಸಿಕೊಳ್ಳುವುದು ಈಗಿನ ರೂಢಿ. ನನ್ನ ಫೋಟೊದಲ್ಲಿ ರಥ ಮೂರು ಕಡೆ ಇದೆ: ನೋಟಿನ ಮೇಲೆ, ಹಿಂದೆ, ಮತ್ತು ಹೊಟ್ಟೆಯ ಮೇಲೆ.

ಕಳ್ಳ ಸಿಕ್ಕಿಬಿದ್ದದ್ದು ನನ್ನ ಕೋಟಿನ ದೆಸೆಯಿಂದ. ಕೆಲವು ದಿನಗಳ ನಂತರ ಇನ್ನೊಂದು ರಾತ್ರಿ ರೈಲಿನಲ್ಲಿ ಚಳಿಗೋ ಗತ್ತಿಗೋ ಆತ ಅದನ್ನು ಹಾಕಿಕೊಂಡಿದ್ದನಂತೆ. ಕಪ್ಪು ಕೋಟು ಕಂಡದ್ದೇ ತಡ ಪ್ರಯಾಣಿಕರು ಟಿಟಿಇ ಬಂದರೆಂದು ಮುತ್ತಿಕೊಂಡರು. ಆರ್‌ಎಸಿಯವರು ಬರ್ತ್ ಕೇಳಿದರು. ವೆಯ್ಟಿಂಗ್ ಲಿಸ್ಟಿನವರು ಪಕ್ಕಕ್ಕೆ ಕರೆದರು. ಆತ ಬೋಗಿಯಿಂದ ಬೋಗಿಗೆ ತಪ್ಪಿಸಿಕೊಂಡು ಓಡಿದಷ್ಟೂ ಹಿಂದೆ ಬರುವವರು ಹೆಚ್ಚಾದರು. ಕೊನೆಗೆ ಎದುರಿನಿಂದ ನಿಜವಾದ ಟಿಟಿಇ ಬಂದರು. ಹುಡುಗನ ಬಳಿ ನನ್ನದಲ್ಲದೆ ಇನ್ನೂ ಹಲವರ ಬ್ಯಾಗುಗಳಿದ್ದವು. ಠಾಣೆಯಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿ ನನ್ನನ್ನು ಕರೆಸಿದರು. ಬ್ಯಾಗು, ಕೋಟು ಗುರುತಿಸಿದೆ. "ಉಪ್ಪಿನಕಾಯಿ ಬಾಟ್ಲಿ ನಿಮ್ಮದೇನಾ ಸಾರ್?" ಎಂದರು. ಹಾರ್ಲಿಕ್ಸ್ ಬಾಟಲಿ, ಬಿಳಿ ಬಟ್ಟೆ, ದಾರ. ನಮ್ಮದೇ ಎಂದೆ, ನೋಡಿದ ತಕ್ಷಣ.

ಕಳುವಿನ ಮಾಲನ್ನು ಠಾಣೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಿನ ಕೊಳೆಯಲು ಬಿಡಬಾರದು, ಮಹಜರು ಮಾಡಿ ಫೋಟೊ ತೆಗೆದು ಮುಚ್ಚಳಿಕೆ ಬರೆಸಿಕೊಂಡು ಹಕ್ಕುದಾರರಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ನಾನು ಉದ್ಧರಿಸದ ವಾರವಿಲ್ಲ. ಈಗ ನನ್ನ ಪರವಾಗಿಯೇ ಉದ್ಧರಿಸಿ ಎಲ್ಲವನ್ನೂ ಸುಪರ್ದಿಗೆ ಪಡೆದೆ. ಬಾಂಡಿನಲ್ಲಿ ಷರತ್ತುಗಳಿದ್ದವು: ಸದರಿ ಸ್ವತ್ತುಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ, ನ್ಯಾಯಾಲಯ ಕೇಳಿದಾಗ ಹಾಜರುಪಡಿಸತಕ್ಕದ್ದು.

ಮನೆಗೆ ತಂದ ದಿನವೇ ಮಗ ಮೊಸರನ್ನ ಕಲಸಿಕೊಂಡು ಬಾಟಲಿಯ ದಾರಕ್ಕೆ ಕೈಹಾಕಿದ. ನಾನು ತಡೆದೆ. ಯಥಾಸ್ಥಿತಿ ಎಂದರೆ ಮಿಡಿಗಳ ಸಂಖ್ಯೆಯೂ ಸೇರಿದಂತೆ ಯಥಾಸ್ಥಿತಿ. ನಾಳೆ ಕೋರ್ಟಿನಲ್ಲಿ ಫೋಟೊಗೂ ಬಾಟಲಿಗೂ ತಾಳೆಯಾಗದಿದ್ದರೆ? ಹೆಂಡತಿ ಮಾತಾಡಲಿಲ್ಲ, ಬಾಟಲಿಯನ್ನು ಅಟ್ಟದ ಮೇಲಿಟ್ಟಳು. ಅತ್ತೆಗೆ ಫೋನು ಹೋಯಿತು. "ನನ್ನ ಉಪ್ಪಿನಕಾಯಿಗೆ ಕೋರ್ಟು ಅಂದ್ರೆ ಏನು? ಅದೇನು ಕೊಲೆ ಮಾಡಿತ್ತಾ?" ಎಂದು ಅತ್ತೆ ಕೇಳಿದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಹೊಸಪೇಟೆಯ ಚಿಕ್ಕಮ್ಮ ನಮ್ಮ ಮನೆಯ ಶುಭಕಾರ್ಯಗಳಿಗೆ ಬರುವುದನ್ನು ನಿಲ್ಲಿಸಿದರು.

ಕೇಸು ನಡೆಯಿತು, ಅಂದರೆ ನಡೆಯದೆ ಮುಂದಕ್ಕೆ ಹೋಗುತ್ತಿತ್ತು. ನನಗೆ ಸಮನ್ಸು ಬಂದಾಗಲೆಲ್ಲ ರಜೆ ಹಾಕಿ ಹೋಗುತ್ತಿದ್ದೆ. ಒಮ್ಮೆ ನ್ಯಾಯಾಧೀಶರು ರಜೆ. ಒಮ್ಮೆ ಆರೋಪಿಯನ್ನು ಬೇರೆ ಕೇಸಿಗೆ ಬೇರೆ ಊರಿಗೆ ಕರೆದುಕೊಂಡು ಹೋಗಿದ್ದರು. ಒಮ್ಮೆ ವಕೀಲರ ಕಲಾಪ ಬಹಿಷ್ಕಾರ. ಅಲ್ಲಿನ ಎಪಿಪಿ ನನ್ನದೇ ವಯಸ್ಸಿನವರು, ಪಡಸಾಲೆಗೆ ಬಂದು, "ಏನು ಮಾಡೋದು, ಮುಂದಿನ ಡೇಟಿಗೆ ಬಂದುಬಿಡಿ" ಎಂದು ನಗುನಗುತ್ತ ಹೇಳುತ್ತಿದ್ದರು. ಆ ನಗುವನ್ನು ನಾನೂ ಬಲ್ಲೆ. ಹೊರಗಿನಿಂದ ನೋಡಿದರೆ ಅಷ್ಟೊಂದು ಹಲ್ಲು ಕಾಣುತ್ತವೆ ಎಂದು ತಿಳಿದಿರಲಿಲ್ಲ.

ಈ ನಡುವೆ 2024ರ ಜುಲೈ 1 ಬಂತು. ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 302 ಹೋಗಿ 103 ಆಯಿತು, 379 ಹೋಗಿ 303 (2) ಆಯಿತು. ನಾನೂರ ಇಪ್ಪತ್ತು ಎಂದು ಬೈದು ಅಭ್ಯಾಸವಾದವರು ಇನ್ನು ಮುನ್ನೂರ ಹದಿನೆಂಟರ ನಾಲ್ಕನೇ ಉಪಕಲಂ ಎಂದು ಬೈಯಬೇಕು, ಬೈದು ಮುಗಿಸುವಷ್ಟರಲ್ಲಿ ಮೋಸಗಾರ ಬಸ್ಸು ಹತ್ತಿರುತ್ತಾನೆ. ಹಳೆಯ ಅಪರಾಧಕ್ಕೆ ಹಳೆಯ ಕಾನೂನು, ಹೊಸದಕ್ಕೆ ಹೊಸದು. ಎರಡೂ ಪಟ್ಟಿಗಳನ್ನು ಬಚ್ಚಲಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದ ಮನೆಯವರು ಮಂತ್ರ ಯಾವುದು ಎಂದು ವಿಚಾರಿಸಿದರಂತೆ. ನನ್ನ ಉಪ್ಪಿನಕಾಯಿ ಹಳೆಯ ಕಾನೂನಿನಲ್ಲೇ ಉಳಿಯಿತು.

ಕೊನೆಗೂ ಒಂದು ದಿನ ನನ್ನ ಹೆಸರು ಮೂರು ಸಲ ಕೂಗಿದರು. ಕಟಕಟೆ ಹತ್ತಿದೆ. ಎದುರಿಂದ ನೋಡುವಾಗ ಸಾಕಷ್ಟು ಅಗಲವಾಗಿಯೇ ಕಾಣುವ ಆ ಪೆಟ್ಟಿಗೆ ಒಳಗೆ ನಿಂತಾಗ ಬಹಳ ಇಕ್ಕಟ್ಟು. ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂದೆ. ಮುಖ್ಯ ವಿಚಾರಣೆ ಸುಸೂತ್ರ. ಬ್ಯಾಗು ಮುದ್ದೆಮಾಲು 1, ಕೋಟು 2, ಬ್ಯಾಂಡು 3. ನಾಲ್ಕನೆಯದನ್ನು ಎಪಿಪಿಯವರು ಮೆಲುದನಿಯಲ್ಲಿ ದಾಟಿಸಿದರು. ಐದು, ಉಪ್ಪಿನಕಾಯಿ.

ಆರೋಪಿಯ ಪರ ಕಾನೂನು ನೆರವಿನಿಂದ ನೇಮಕವಾಗಿದ್ದ ವಕೀಲೆ ಸನ್ನದು ಪಡೆದು ಹೆಚ್ಚು ಕಾಲವಾಗದ ಹುಡುಗಿ. ಕೋಟಿನ ಮಡಿಕೆ ಕೂಡ ಮಾಸಿರಲಿಲ್ಲ. ಪಾಪ, ಮೃದುವಾಗಿ ಉತ್ತರಿಸಬೇಕು ಅಂದುಕೊಂಡೆ.

"ಸಾರ್, ಮುದ್ದೆಮಾಲು 4 ಏನದು, ಸ್ವಲ್ಪ ಜೋರಾಗಿ ಹೇಳ್ತೀರಾ?"

"ಮಹಜರಿನಲ್ಲಿದೆ."

"ಕೋರ್ಟಿಗೆ ಹೇಳಿ ಸಾರ್."

"ತಲೆಗೂದಲಿಗೆ ಹಚ್ಚುವ ಬಣ್ಣ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ವಕೀಲರು ಕೆಮ್ಮುವ ಧಾಟಿ ನನಗೆ ಗೊತ್ತು, ಅದು ಶೀತದ ಕೆಮ್ಮಲ್ಲ. ಅಲ್ಲಿಗೆ ನಮ್ಮ ಜಿಲ್ಲೆಯ ವಕೀಲರ ಸಂಘದವರೆಗೆ ಸುದ್ದಿ ಮುಟ್ಟುವುದು ಖಚಿತವಾಯಿತು. ಮುಟ್ಟಿತು ಕೂಡ. ಈಗ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ. ನಮ್ಮ ನ್ಯಾಯಾಧೀಶರು ಮೊದಲ ದಿನ ಪಿ.ಪಿ. ಬದಲಾದರೇ ಎಂದು ಬೆಂಚ್ ಕ್ಲರ್ಕನ್ನು ಕೇಳಿದರಂತೆ.

"ನಿದ್ರೆ ಬಂದಾಗ ರೈಲು ಎಲ್ಲಿತ್ತು ಸಾರ್?"

"ಯಲಹಂಕದ ಹತ್ತಿರ."

"ಎದ್ದದ್ದು ಬಳ್ಳಾರಿಯಲ್ಲಿ. ನಡುವೆ ನೀವು ಏನನ್ನೂ ನೋಡಿಲ್ಲ ಎಂದರೆ ಸರಿಯೇ?"

"ಸರಿ. ಆದರೆ ಸಾಕ್ಷ್ಯ ಅಧಿನಿಯಮ 114ರ ಪ್ರಕಾರ ಕಳುವಾದ ಸ್ವಲ್ಪವೇ ಸಮಯದಲ್ಲಿ ಮಾಲು ಯಾರ ಬಳಿ ಸಿಗುತ್ತದೋ ಅವರನ್ನು..."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಸಾರ್."

ನ್ಯಾಯಾಧೀಶರೂ ಕನ್ನಡಕದ ಮೇಲಿನಿಂದ ನೋಡಿದರು.

"ಉಪ್ಪಿನಕಾಯಿ ಬಾಟಲಿ ನಿಮ್ಮದೇ ಎಂದು ಹೇಗೆ ಗುರುತಿಸುತ್ತೀರಿ?"

"ಹಾರ್ಲಿಕ್ಸ್ ಬಾಟಲಿ. ಬಾಯಿಗೆ ಬಿಳಿ ಬಟ್ಟೆ."

"ಕರ್ನಾಟಕದಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ ಇಡದ ಮನೆ ನೀವು ಕಂಡಿದ್ದೀರಾ?"

ಇಲ್ಲ ಎಂದೆ. ಬೇರೆ ಏನು ಹೇಳಲಿ?

"ವಿಶೇಷ ಗುರುತು ಏನೂ ಇಲ್ಲ ಎಂದರೆ ಸರಿಯೇ?"

ಈ ಹೊತ್ತಿಗೆ ನನಗೆ ಕೋಪ ಬಂದಿತ್ತು. ಜಾಣತನವೂ ಬಂತು. "ಮಲೆನಾಡಿನ ಅಪ್ಪೆಮಿಡಿ. ನೋಡಿದರೇ ಗೊತ್ತಾಗುತ್ತೆ. ನಮ್ಮ ಅತ್ತೆ ಹಾಕಿದ್ದು, ಇಷ್ಟು ವರ್ಷದಿಂದ ತಿಂದಿದ್ದೇನೆ, ಸಾವಿರ ಬಾಟಲಿ ನಡುವೆ ಇಟ್ಟರೂ ಗುರುತಿಸುತ್ತೇನೆ" ಎಂದೆ.

"ಇದು ನಿಮ್ಮ ಮನೆಯ ಉಪ್ಪಿನಕಾಯಿಯೇ ಅಲ್ಲ ಎಂದರೆ ಸರಿಯೇ?"

"ಸರಿಯಲ್ಲ!" ಕಟಕಟೆಯ ಅಂಚಿಗೆ ಕೈ ಬಡಿದು ಹೇಳಿದೆ.

ಆಕೆ ತಣ್ಣಗೆ ಕೋಟು ಎತ್ತಿಕೊಂಡಳು. ಸಾಕ್ಷಿ ಇದನ್ನೊಮ್ಮೆ ಧರಿಸಿ ತೋರಿಸಲಿ ಎಂದು ಕೋರಿದಳು. ಅಮೆರಿಕದಲ್ಲಿ 1995ರಲ್ಲಿ ಒ.ಜೆ. ಸಿಂಪ್ಸನ್ ವಿಚಾರಣೆಯಲ್ಲಿ ಪ್ರಾಸಿಕ್ಯೂಟರೊಬ್ಬರು ಆರೋಪಿಗೆ ಕೈಗವಸು ಹಾಕಿಸಲು ಹೋಗಿ, ಅದು ಕೈಗೆ ಹತ್ತದೆ ಕೇಸು ಕೈಬಿಟ್ಟ ಕಥೆಯನ್ನು ಕಿರಿಯರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ನನ್ನ ಕೋಟಲ್ಲವೇ. ತೋಳು ತೂರಿಸಿದೆ. ಹೆಗಲೂ ಹೋಯಿತು. ಮುಂದಿನ ಎರಡು ಅಂಚುಗಳು ಮಾತ್ರ ಡೈವೋರ್ಸ್ ಆದ ದಂಪತಿಗಳಂತೆ ದೂರದೂರ ನಿಂತವು. ಉಸಿರು ಹಿಡಿದೆ. ಸ್ಟೆನೊಗೆ ನ್ಯಾಯಾಧೀಶರು ಹೇಳಿ ಬರೆಸುತ್ತಿದ್ದದ್ದು ಕೇಳಿಸುತ್ತಿತ್ತು: "ಸಾಕ್ಷಿಯು ಕೋಟನ್ನು ಧರಿಸಿದರು. ಗುಂಡಿ ಹಾಕಲು ಪ್ರಯತ್ನಿಸಿದರು. ಆಗಲಿಲ್ಲ." ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆಯುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮಿನಲ್ಲಿ ಅವರಿಗಿದೆ. ಅವರು ದೊಡ್ಡ ಮನಸ್ಸು ಮಾಡಿ ಬೆವರನ್ನು ಬರೆಸಲಿಲ್ಲ.

ಎರಡನೆಯ ಸಾಕ್ಷಿ ನನ್ನ ಹೆಂಡತಿ. ಆಕೆ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಕರೆದಾಗ ಕೆಂಪು ಪೆನ್ನಿನ ಮುಚ್ಚಳ ಹಾಕಿ ಬಂದು ನಿಂತಳು. ಆಕೆಗೆ ನಾನು ಯಾವ ಉಪದೇಶವನ್ನೂ ಮಾಡಿರಲಿಲ್ಲ, ಧೈರ್ಯವಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ಕೋಪ ಮಾಡಿಕೊಳ್ಳಲಿಲ್ಲ. ನನ್ನ ವೃತ್ತಿಜೀವನದಲ್ಲಿ ನಾನು ಕಂಡ ಅತ್ಯುತ್ತಮ ಸಾಕ್ಷಿ ಅವಳು, ಕೇಸು ಮುಳುಗಿದ್ದು ಅವಳಿಂದಲೇ.

"ಬ್ಯಾಗಿನ ಬಣ್ಣ ಯಾವುದು ಮೇಡಂ?"

"ಹಸಿರು."

"ನಿಮ್ಮ ಯಜಮಾನರು ಫಿರ್ಯಾದಿನಲ್ಲೂ ಇಂದೂ ನೀಲಿ ಅಂದಿದ್ದಾರೆ."

"ಅವರು ಹಾಗೆ ಅಂತಾರೆ. ಅದು ನವಿಲುಗರಿ ಹಸಿರು. ಕೊಂಡವಳು ನಾನು."

ಬ್ಯಾಗು ಎಲ್ಲರ ಕಣ್ಣೆದುರೇ ಮೇಜಿನ ಮೇಲಿತ್ತು. ನ್ಯಾಯಾಧೀಶರು ನೋಡಿದರು. ಎಪಿಪಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆಂಚ್ ಕ್ಲರ್ಕ್ ನೀಲಿ ಎಂದೂ, ಸ್ಟೆನೊ ಹಸಿರು ಎಂದೂ ಪಿಸುಗುಟ್ಟಿದರು. ಆರೋಪಿ ಕೂಡ ಕುತ್ತಿಗೆ ಚಾಚಿದ. ಅವನಿಗೆ ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದನೇನೋ, ಆದರೆ 20 (3) ಅವನಿಗೂ ಇದೆ.

ಪಂಚರಲ್ಲಿ ಒಬ್ಬರು ಟೀ ಮಾರುವವರು, ಇನ್ನೊಬ್ಬರು ಹಮಾಲರು. ಇಬ್ಬರೂ, ಕರೆದರು, ಸಹಿ ಹಾಕು ಅಂದರು, ಹಾಕಿದೆವು ಎಂದರು. ಕಳ್ಳನನ್ನು ಹಿಡಿದ ಟಿಟಿಇ ವರ್ಗವಾಗಿದ್ದರು, ಸಮನ್ಸು ಜಾರಿಯಾಗಲೇ ಇಲ್ಲ. ತೀರ್ಪು ನಾನೇ ಬರೆದಿದ್ದರೂ ಬೇರೆಯಾಗುತ್ತಿರಲಿಲ್ಲ: ಸ್ವತ್ತಿಗೆ ವಿಶೇಷ ಗುರುತುಗಳಿಲ್ಲ, ಫಿರ್ಯಾದಿ ಮತ್ತು ಆತನ ಪತ್ನಿಯ ಹೇಳಿಕೆಗಳಲ್ಲಿ ಗಂಭೀರ ವೈರುಧ್ಯವಿದೆ, ಸಂಶಯದ ಲಾಭ ನೀಡಿ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಹುಡುಗ ಹೊರಗೆ ಬಂದವನೇ ನನಗೆ ಕೈಮುಗಿದ. ನಾನೂ ಅಭ್ಯಾಸಬಲದಿಂದ ಮುಗಿದೆ.

ಕೆಲವು ದಿನಗಳ ಮೇಲೆ ಅಲ್ಲಿನ ಎಪಿಪಿ ಫೋನು ಮಾಡಿದರು. ಬಿಡುಗಡೆಯಾದ ಪ್ರಕರಣಗಳಲ್ಲಿ ಮೇಲ್ಮನವಿಗೆ ಹೋಗಬಹುದೇ ಎಂದು ನಾವು ಅಭಿಪ್ರಾಯ ಬರೆದು ಕಳಿಸಬೇಕಾಗುತ್ತದೆ. "ಹಿರಿಯರು ನೀವು, ಏನು ಬರೆಯಲಿ?" ಎಂದರು. ಇಂಥ ವಾಕ್ಯ ನನಗೆ ನಿದ್ರೆಯಲ್ಲೂ ಬರುತ್ತದೆ. "ಒಂದನೇ ಸಾಕ್ಷಿಯ ಹೇಳಿಕೆ ನಂಬಲರ್ಹವಾಗಿಲ್ಲ, ಮೇಲ್ಮನವಿಗೆ ಯೋಗ್ಯ ಪ್ರಕರಣವಲ್ಲ ಅಂತ ಬರೆಯಿರಿ" ಎಂದೆ. ಅವರು ಯಾವ ಸಂಕೋಚವೂ ಇಲ್ಲದೆ ಹಾಗೆಯೇ ಬರೆದರು.

ಬೇರೆ ಯಾರೂ ವಾರಸುದಾರರು ಬಾರದ್ದರಿಂದ ಮಾಲು ನನ್ನ ಬಳಿಯೇ ಉಳಿಯಿತು, ಆದರೆ ಆದೇಶ ಕಾಯಂ ಆಗುವುದು ಮೇಲ್ಮನವಿಯ ಅವಧಿ ಕಳೆದ ಮೇಲೆ. ಹೆಂಡತಿ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದಳು. ಆ ದಿನ ದಾಟಿದ ಭಾನುವಾರ ಅತ್ತೆಯೂ ಊರಿಂದ ಬಂದಿದ್ದರು. ಮೊಸರನ್ನ ಕಲಸಿಟ್ಟಾಗಿತ್ತು. ಮಗ ಅಟ್ಟ ಹತ್ತಿ ಬಾಟಲಿ ಇಳಿಸಿದ. ನಾನೇ ದಾರ ಬಿಚ್ಚಿದೆ. ಉಪ್ಪು, ಸಾಸಿವೆ, ಖಾರದ ಘಾಟು ಊಟದ ಮನೆಯನ್ನೆಲ್ಲ ತುಂಬಿತು. ಒಂದಿಷ್ಟೂ ಕೆಟ್ಟಿರಲಿಲ್ಲ.

ಅತ್ತೆ ಒಂದು ಮಿಡಿ ತೊಟ್ಟು ಹಿಡಿದೆತ್ತಿ ಮೂಗಿನ ಹತ್ತಿರ ತಂದರು. ತಿರುಗಿಸಿ ನೋಡಿದರು. ಮತ್ತೆ ಮೂಸಿದರು.

"ಇದು ನಂದಲ್ಲ" ಎಂದರು.

ಯಾರೂ ಮಾತಾಡಲಿಲ್ಲ.

"ನಂದು ಹೊಳೆಬದಿ ಮರದ್ದು, ಕರ್ಪೂರದ ವಾಸನೆ. ಇದು ಜೀರಿಗೆ ಮಿಡಿ. ನಾನು ಇಷ್ಟು ಸಾಸಿವೆ ಹಾಕೋಳೇ ಅಲ್ಲ. ಯಾರ ಮನೇದಪ್ಪ ಇದು?"

"ಅಪ್ಪಾ," ಮಗ ನಿಧಾನವಾಗಿ ಶುರುಮಾಡಿದ, "ಸಾವಿರ ಬಾಟಲಿ ನಡುವೆ ಇಟ್ಟರೂ ಅಂತ ಪ್ರಮಾಣ ಮಾಡಿ ಹೇಳಿದ್ರಂತೆ?" ಹೆಂಡತಿ ನನ್ನ ಕಡೆ ನೋಡಲಿಲ್ಲ, ತುಟಿ ಬಿಗಿಹಿಡಿದು ಎಲ್ಲರಿಗೂ ಅನ್ನ ಬಡಿಸಿದಳು. ಆ ವಕೀಲೆ ಹುಡುಗಿಗೆ ಫೋನು ಮಾಡಿ ಹೇಳಬೇಕೇ ಬೇಡವೇ ಎಂದು ನಾನು ಯೋಚಿಸುತ್ತಿದ್ದೆ. ಸಾಕ್ಷಿಪಟ್ಟಿ ತಯಾರಿಸುವಾಗ ಅತ್ತೆಯ ಹೆಸರು ಯಾರಿಗೂ ಹೊಳೆದಿರಲಿಲ್ಲ.

ಅತ್ತೆ ಅಷ್ಟರಲ್ಲಿ ಮಿಡಿಯನ್ನು ಕಚ್ಚಿ ನೋಡಿದ್ದರು. ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಚೀಪಿದರು.

"ಹದ ಮಾತ್ರ ಬಹಳ ಚೆನ್ನಾಗಿದೆ. ಯಾರು ಹಾಕಿದ್ದು ಅಂತ ಆ ಹುಡುಗನ್ನ ಕೇಳೋಕಾಗುತ್ತಾ?"

"ಅವನು ಬಿಡುಗಡೆ ಆಗಿದ್ದಾನೆ ಅತ್ತೆ," ಎಂದೆ. "ಕಾನೂನಿನ ಪ್ರಕಾರ ಅವನು ಕದ್ದೇ ಇಲ್ಲ. ಕದಿಯದವನಿಗೆ ಯಾರ ಮನೆಯದೆಂದು ಹೇಗೆ ಗೊತ್ತಿರುತ್ತದೆ?"

"ನಿಮಗೂ ಗೊತ್ತಿರ್ಲಿಲ್ಲ, ಹೇಳಲಿಲ್ವಾ?" ಎಂದು ಅತ್ತೆ ಇನ್ನೊಂದು ಮಿಡಿ ಹಾಕಿಕೊಂಡರು.